ತೆಳು ಪ್ಲೇಟ್ ಮಿಲ್ಲಿಂಗ್: ಜಾಬ್ ಬಾಗದ ಹಾಗೆ ಹಿಡಿಯೋದು ಹೇಗೆ?

6 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ಕೊಟ್ಟು ಮಿಲ್ಲಿಂಗ್‌ನಲ್ಲಿ, ಅಂದರೆ ತಿರುಗುವ ಕಟರ್‌ನಿಂದ ಕೊರೆದು, 4ಕ್ಕೆ ಇಳಿಸಿ ಅಂತಾರೆ. ಸಮತಟ್ಟು 0.05 ಮಿ.ಮೀ. ಒಳಗೆ ಇರಬೇಕು ಅಂತ ಡ್ರಾಯಿಂಗ್‌ನಲ್ಲಿ ಬರೆದಿರುತ್ತದೆ. ಮಷಿನ್ ಮೇಲಿರುವಾಗ ಡಯಲ್ (ಏರುತಗ್ಗು ತೋರಿಸುವ ಗೇಜ್) ಓಡಿಸಿದರೆ ಮುಳ್ಳು ಅಲ್ಲಾಡುವುದೇ ಇಲ್ಲ. ಹಿಡಿದಿರುವ ವೈಸ್ ಸಡಿಲ ಮಾಡಿದ ಕೂಡಲೇ ಜಾಬ್, ಅಂದರೆ ಕೆಲಸದ ತುಂಡು, ಹಪ್ಪಳದ ಹಾಗೆ ಸೊಟ್ಟಗಾಗಿ ಕೈಗೆ ಬರುತ್ತದೆ. ಆಗ ಎಲ್ಲರೂ ಬೈಯುವುದು ಮಟೀರಿಯಲ್ಲನ್ನು. ಮಟೀರಿಯಲ್‌ದೂ ಸ್ವಲ್ಪ ಪಾಲಿರುತ್ತದೆ, ಇಲ್ಲ ಅಂತಲ್ಲ, ಆದರೆ ಜಾಸ್ತಿ ಸಲ ಎಡವಟ್ಟಾಗುವುದು ಹಿಡಿಯುವಾಗಲೇ.

ಒಂದು ಲೆಕ್ಕ ತಲೆಯಲ್ಲಿರಲಿ. ಪ್ಲೇಟಿನ ದಪ್ಪ ಅರ್ಧ ಆದರೆ ಅದು ಎಂಟು ಪಟ್ಟು ಸುಲಭವಾಗಿ ಬಾಗುತ್ತದೆ. 6 ಮಿ.ಮೀ. ಪ್ಲೇಟ್ 1.5ಕ್ಕೆ ಇಳಿದರೆ ಅರವತ್ತನಾಲ್ಕು ಪಟ್ಟು. ದಪ್ಪ ಬ್ಲಾಕ್ ಹಿಡಿದು ಅಭ್ಯಾಸ ಆದ ಕೈ ಅದೇ ಜೋರಿನಲ್ಲಿ ವೈಸ್ ತಿರುಗಿಸಿದರೆ ಜಾಬ್ ಸುಮ್ನೆ ಬಾಗುತ್ತದೆ, ಬಾಗಿದ ಮೇಲೆ ನೀವು ಅದನ್ನು ಚಪ್ಪಟೆಯಾಗಿ ಕತ್ತರಿಸುತ್ತೀರಿ, ಬಿಟ್ಟಾಗ ಅದು ತನ್ನ ಜಾಗಕ್ಕೆ ವಾಪಸ್ ಹೋಗುತ್ತದೆ. ಇಷ್ಟೇ ಕಥೆ. ಹಾಗಾಗಿ ನಾನು ನೋಡುವುದು ಮೂರೇ ವಿಷಯ: ಜಾಬ್ ಕೆಳಗೆ ಪೂರ್ತಿ ಆಸರೆ ಇದೆಯಾ, ಒತ್ತುವ ಜಾಗದ ನೇರ ಕೆಳಗೆ ಗಟ್ಟಿ ಇದೆಯಾ, ಹಿಡಿಯುವ ಮುಂಚೆ ಇದ್ದ ಆಕಾರ ಹಿಡಿದ ಮೇಲೂ ಇದೆಯಾ. ಎಷ್ಟು ಬಿಗಿ ಅನ್ನುವ ಪ್ರಶ್ನೆ ಆಮೇಲೆ.

ಉದಾಹರಣೆಗೆ 150×100 ಅಳತೆಯ ಒಂದು ಕವರ್ ಪ್ಲೇಟ್ ಇಟ್ಟುಕೊಳ್ಳೋಣ. 6 ಮಿ.ಮೀ. ಅಲ್ಯೂಮಿನಿಯಂನಿಂದ 4ಕ್ಕೆ ತರಬೇಕು, ಮೂಲೆಯಲ್ಲಿ ನಾಲ್ಕು ತೂತು, ಮಧ್ಯ ಒಂದು ಪಾಕೆಟ್, ಅಂದರೆ ತಗ್ಗು. ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ಯಾವ ಸಣ್ಣ ಶಾಪ್‌ಗೆ ಹೋದರೂ ಇಂಥ ಒಂದು ಜಾಬ್ ಬೆಂಚ್ ಮೇಲೆ ಬಿದ್ದಿರುತ್ತದೆ.

ಮೊದಲು ಮಟೀರಿಯಲ್

ರೋಲ್ ಮಾಡಿದ ಪ್ಲೇಟಿನ ಒಳಗೆ ಎಳೆತ ಒತ್ತಡ ಎರಡೂ ಸೇರಿಕೊಂಡಿರುತ್ತವೆ. ಎರಡೂ ಕಡೆ ಸಮವಾಗಿ ಇರುವತನಕ ಪ್ಲೇಟ್ ನೆಟ್ಟಗಿರುತ್ತದೆ. ಒಂದೇ ಕಡೆಯಿಂದ ತೆಗೆದರೆ ತೂಕ ತಪ್ಪಿ ಬಾಗುತ್ತದೆ. ಅಲ್ಯೂಮಿನಿಯಂ ಆದರೆ 6061-ಟಿ651 ಕೇಳಿ ತನ್ನಿ. ಆ ಕೊನೆಯ 51 ಅಂದರೆ ಪ್ಲೇಟನ್ನು ಎಳೆದು ಒಳಗಿನ ಒತ್ತಡ ಬಿಡಿಸಿದ್ದಾರೆ ಅಂತ. ಬರೀ ಟಿ6 ಅಂತ ಬರೆದಿದ್ದರೆ ಆ ಭರವಸೆ ಇಲ್ಲ. ಬಜೆಟ್ ಇದ್ದರೆ ಎರಕ ಹೊಯ್ದ ಟೂಲಿಂಗ್ ಪ್ಲೇಟ್ ಇನ್ನೂ ಒಳ್ಳೆಯದು, ಅದು ಬಾಗುವುದು ತುಂಬಾ ಕಡಿಮೆ. ಎಂಎಸ್‌ನಲ್ಲಿ (ಮೈಲ್ಡ್ ಸ್ಟೀಲ್) ಬ್ರೈಟ್ ಫ್ಲಾಟ್ ನೋಡಲು ಚೆಂದ, ಆದರೆ ತಣ್ಣಗಿರುವಾಗಲೇ ಎಳೆದು ಮಾಡಿದ್ದು, ಮೇಲಿನ ಪದರದಲ್ಲೇ ಒತ್ತಡ ಜಾಸ್ತಿ. ತೆಳು ಜಾಬ್‌ಗೆ ಬಿಸಿಯಲ್ಲಿ ರೋಲ್ ಮಾಡಿದ ಕಪ್ಪು ಫ್ಲಾಟೇ ವಾಸಿ.

ಅಳತೆಗೆ ಸರಿಯಾಗಿ ತುಂಡು ಮಾಡಿಸಬೇಡಿ. ಸುತ್ತಲೂ 12 ಮಿ.ಮೀ. ಜಾಸ್ತಿ ಬಿಡಿ, ಅಂದರೆ ಸುಮಾರು 175×125. ಆ ಅಂಚು ಹಿಡಿಯುವುದಕ್ಕೆ ಬೇಕು. ಮಟೀರಿಯಲ್ ದಂಡ ಅಂತ ಮಾಲೀಕರು ಮುಖ ಸಿಂಡರಿಸಬಹುದು, ಒಂದು ಜಾಬ್ ರಿಜೆಕ್ಟ್ ಆದರೆ ಎಷ್ಟು ದಂಡ ಅಂತ ಅವರಿಗೇ ಗೊತ್ತು. ಇನ್ನೊಂದು ಮಾತು, ಶಿಯರಿಂಗ್ ಮಷಿನ್‌ನಲ್ಲಿ ಕತ್ತರಿಸಿದ ತುಂಡಿನ ಅಂಚು ಬಾಗಿ ಬಂದಿರುತ್ತದೆ. ಬ್ಯಾಂಡ್‌ಸಾ ಆದರೆ ಚಿಂತೆ ಇಲ್ಲ.

ಬೆಡ್ ಮೇಲಿಟ್ಟು ಡಯಲ್ ಹಾಕಿ

ಈ ಒಂದು ಪರೀಕ್ಷೆ ಮಾಡಿದರೆ ಅರ್ಧ ತಲೆನೋವು ಮಷಿನ್ ಶುರುವಾಗುವ ಮುಂಚೆಯೇ ಮುಗಿಯುತ್ತದೆ. ಯಾವ ವಿಧಾನದಲ್ಲಿ ಹಿಡಿದರೂ ಇದನ್ನು ಬಿಡಬೇಡಿ.

ಮೊದಲು ಬರ್, ಅಂದರೆ ಅಂಚಿನಲ್ಲಿ ಉಳಿದ ಚೂಪು ಸಿಗುರು, ತೆಗೆಯಿರಿ. ಜಾಬ್ ಅಂಚಿಗೆ ಫೈಲ್, ಬೆಡ್‌ಗೆ (ಮಷಿನ್ ಟೇಬಲ್) ಆಯಿಲ್ ಸ್ಟೋನ್, ಎರಡನ್ನೂ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಬರಿ ಅಂಗೈ ಸವರಿ ನೋಡಿ. ಬಟ್ಟೆಗೆ ಸಿಗದ ಚಿಪ್ ಅಂಗೈಗೆ ಚುಚ್ಚುತ್ತದೆ. ಜಾಬ್ ಕೆಳಗೆ ಒಂದು ಸಣ್ಣ ಚಿಪ್ ಉಳಿದರೂ 0.1 ಹೋಯಿತು ಅಂತಲೇ ಲೆಕ್ಕ.

ಈಗ ಪ್ಲೇಟನ್ನು ಸುಮ್ನೆ ಇಡಿ, ಏನೂ ಬಿಗಿ ಮಾಡಬೇಡಿ. ಬೆರಳಿನಲ್ಲಿ ಒಂದೊಂದು ಮೂಲೆ ಒತ್ತಿ. ಟಕ್ ಟಕ್ ಅಂತ ಆಡಿದರೆ ಎಲ್ಲೋ ಗ್ಯಾಪ್ ಇದೆ. ಫೀಲರ್ ಗೇಜ್ (ಅಳತೆಯ ತೆಳು ಎಲೆ) ತೂರಿಸಿ ಗ್ಯಾಪ್ ಎಷ್ಟು ಅಂತ ನೋಡಿ, ಅಷ್ಟೇ ದಪ್ಪದ ಶಿಮ್ (ತೆಳು ತಗಡು) ತುಂಡು ಅಲ್ಲಿ ತುಂಬಿ. ಶಿಮ್ ಇಲ್ಲದಿದ್ದರೆ ಜೆರಾಕ್ಸ್ ಪೇಪರ್ ಆಗುತ್ತದೆ, ಒಂದು ಹಾಳೆ ಸುಮಾರು 0.1 ಮಿ.ಮೀ. ಇರುತ್ತದೆ. ಇಲ್ಲಿ ಆಸೆ ಹುಟ್ಟುತ್ತದೆ, ಹೇಗೂ ಕ್ಲಾಂಪ್ ಹಾಕಿದರೆ ಕೂರುತ್ತದಲ್ವಾ ಅಂತ. ಕೂರುತ್ತದೆ, ಬಿಟ್ಟಾಗ ಏಳುತ್ತದೆ ಕೂಡ.

ಕಟರ್ ತಿರುಗಿಸುವ ಸ್ಪಿಂಡಲ್‌ಗೆ ಮ್ಯಾಗ್ನೆಟಿಕ್ ಸ್ಟ್ಯಾಂಡ್ ಅಂಟಿಸಿ ಡಯಲ್ ಮುಳ್ಳನ್ನು ಪ್ಲೇಟಿನ ಮಧ್ಯಕ್ಕೆ ತನ್ನಿ, ಸೊನ್ನೆಗೆ ತಿರುಗಿಸಿ. ಈಗ ಮೊದಲನೇ ಕ್ಲಾಂಪ್ ಬಿಗಿ ಮಾಡಿ, ಕಣ್ಣು ಮುಳ್ಳಿನ ಮೇಲೇ ಇರಲಿ. ಮುಳ್ಳು ಎರಡು ಗೆರೆ, ಅಂದರೆ 0.02 ದಾಟಬಾರದು. ಕೆಳಗೆ ಹೋದರೆ ಅಲ್ಲಿ ಟೊಳ್ಳಿದೆ, ಪ್ಯಾಕಿಂಗ್ ಸಾಲದು. ಮೇಲೆ ಬಂದರೆ ನೀವು ಜಾಬನ್ನು ಬಿಲ್ಲು ಮಾಡುತ್ತಿದ್ದೀರಿ, ಬಿಗಿ ಕಡಿಮೆ ಮಾಡಿ ಅಥವಾ ಕ್ಲಾಂಪ್ ಜಾಗ ಬದಲಿಸಿ. ಆಮೇಲೆ ಎರಡನೇ ಕ್ಲಾಂಪ್, ಮೂರನೇದು, ಹೀಗೆ. ಎಲ್ಲ ಬಿಗಿಯಾದ ಮೇಲೂ ಮುಳ್ಳು ಸೊನ್ನೆ ಹತ್ತಿರ ಇದ್ದರೆ ಮಾತ್ರ ಕಟರ್ ಹಚ್ಚಿ.

ವೈಸ್‌ನಲ್ಲೇ ಹಿಡಿಯಬೇಕು ಅಂದರೆ

ವೈಸ್ ಒತ್ತುವುದು ಪಕ್ಕದಿಂದ. ತೆಳು ಪ್ಲೇಟಿಗೆ ಪಕ್ಕದ ಒತ್ತಡ ಅಂದರೆ ಮಧ್ಯಕ್ಕೆ ಉಬ್ಬು. ಸಾಲದ್ದಕ್ಕೆ ವೈಸ್‌ನ ಓಡಾಡುವ ಜಾ (ದವಡೆ) ಬಿಗಿಯಾಗುವಾಗ ಸ್ವಲ್ಪ ಮೇಲೇಳುತ್ತದೆ, ಆ ಕಡೆಯ ಅಂಚನ್ನೂ ಜೊತೆಗೆ ಎತ್ತುತ್ತದೆ. ಪ್ಲೇಟಿನ ಅಗಲ ದಪ್ಪಕ್ಕಿಂತ ಹದಿನೈದು ಪಟ್ಟು ಜಾಸ್ತಿ ಇದ್ದರೆ ನಾನಂತೂ ವೈಸ್ ಕಡೆ ನೋಡುವುದಿಲ್ಲ. ನಮ್ಮ ಕವರ್ ಪ್ಲೇಟ್ ಆ ಗಡಿ ದಾಟಿದೆ.

ಚಿಕ್ಕ ಜಾಬ್ ಆದರೆ ಸಾಫ್ಟ್ ಜಾ ಮಾಡಿಕೊಳ್ಳಿ. ಅಲ್ಯೂಮಿನಿಯಂ ತುಂಡುಗಳನ್ನು ಜಾ ಜಾಗಕ್ಕೆ ಬೋಲ್ಟ್ ಮಾಡಿ, ಕೆಳಗೆ ಒಂದು ಅಡ್ಡ ತುಂಡು ಕೊಟ್ಟು ವೈಸ್ ಬಿಗಿ ಮಾಡಿ, ಬಿಗಿ ಇರುವಾಗಲೇ 2 ಮಿ.ಮೀ. ಆಳದ ಮೆಟ್ಟಿಲು ಕತ್ತರಿಸಿ. ಬಿಗಿ ಮಾಡದೆ ಕತ್ತರಿಸಿದ ಮೆಟ್ಟಿಲು ಆಮೇಲೆ ಒತ್ತಿದಾಗ ಓರೆಯಾಗುತ್ತದೆ, ಅದಕ್ಕೇ ಈ ಅಡ್ಡ ತುಂಡು. ಪ್ಯಾರಲಲ್ (ಜಾಬ್ ಕೆಳಗಿಡುವ ಸಮ ಎತ್ತರದ ಪಟ್ಟಿ) ಎರಡೇ ಇಟ್ಟರೆ ಮಧ್ಯ ಪೂರ್ತಿ ಗಾಳಿಯಲ್ಲಿರುತ್ತದೆ, ಆದ್ದರಿಂದ ಜಾಬ್ ಅಗಲಕ್ಕೆ ಸರಿಹೋಗುವ ಒಂದೇ ಗಟ್ಟಿ ಬ್ಲಾಕ್ ಕೊಡಿ. ಅರ್ಧ ಬಿಗಿ ಮಾಡಿ, ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಕೆಳಗಿನ ಬ್ಲಾಕ್ ಕೈಗೆ ಅಲ್ಲಾಡದಿದ್ದರೆ ಸರಿ. ಹ್ಯಾಂಡಲ್‌ಗೆ ಪೈಪ್ ಹಾಕಿ ತಿರುಗಿಸುವ ಕೆಲಸ ಇಲ್ಲಿ ಬೇಡ.

ಕೆಳಗೊಂದು ಪ್ಲೇಟ್, ಮೇಲೆ ಸ್ಕ್ರೂ

ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಇದರ ಮೇಲೆ. 20 ಅಥವಾ 25 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ಒಂದನ್ನು ಬೆಡ್‌ಗೆ ಬೋಲ್ಟ್ ಮಾಡಿ. ಬೋಲ್ಟ್ ತಲೆಗಳು ಒಳಗೆ ಮುಳುಗಿರಲಿ. ಅಲ್ಲೇ ಇಟ್ಟು ಮೇಲೆ 0.2 ಒಂದು ಕಟ್ ಹೊಡೆಯಿರಿ. ಈಗ ಆ ಮುಖ ನಿಮ್ಮ ಸ್ಪಿಂಡಲ್‌ಗೆ ಹೊಂದಿಕೊಂಡ ಮುಖ, ವೈಸ್ ಪ್ಯಾರಲಲ್ ಯಾವುದರ ತಪ್ಪೂ ಇದಕ್ಕೆ ಸೇರುವುದಿಲ್ಲ. 25 ಮಿ.ಮೀ. ಅಂತರದಲ್ಲಿ ಎಂ4 ಟ್ಯಾಪ್ (4 ಮಿ.ಮೀ. ಸ್ಕ್ರೂ ತಿರುಗಿ ಕೂರುವ ತೂತು) ಸಾಲು ಹೊಡೆದಿಟ್ಟರೆ ಮುಂದಿನ ಎಷ್ಟೋ ಜಾಬ್‌ಗಳಿಗೆ ಅದೇ ಪ್ಲೇಟ್ ಬರುತ್ತದೆ. ಗೀರು ಬಿದ್ದಾಗ ಮತ್ತೆ ಒಂದು ಕಟ್ ಹೊಡೆದರಾಯಿತು.

ಜಾಬ್‌ನ ಆ ಜಾಸ್ತಿ ಬಿಟ್ಟ ಅಂಚಿನಲ್ಲಿ ತೂತು ಹಾಕಿ ಸಿಎಸ್‌ಕೆ (ತಲೆ ಒಳಗೆ ಮುಳುಗುವ) ಸ್ಕ್ರೂ ಕೂರಿಸಿ, ತಲೆ ಜಾಬ್ ಮುಖಕ್ಕಿಂತ 1.5 ಮಿ.ಮೀ. ಕೆಳಗೆ ಇರುವ ಹಾಗೆ. ನೀವು ಒಂದು ಕಡೆಯಿಂದ ತೆಗೆಯುವುದು 1 ಮಿ.ಮೀ., ಹಾಗಾಗಿ ಕಟರ್ ಸ್ಕ್ರೂಗಳ ಮೇಲೇ ಹಾದುಹೋಗುತ್ತದೆ, ಯಾವುದಕ್ಕೂ ತಗಲುವುದಿಲ್ಲ. ಉದ್ದದ ಕಡೆ ನಾಲ್ಕು ನಾಲ್ಕು, ಅಗಲದ ಕಡೆ ಎರಡೆರಡು ಸಾಕು. ಬಿಗಿ ಮಾಡುವಾಗ ಮಧ್ಯದಿಂದ ಶುರು ಮಾಡಿ ಹೊರಗೆ ಹೋಗಿ, ಎದುರುಬದುರು. ಆಲನ್ ಕೀಯ ಗಿಡ್ಡ ಕಡೆ ಬೆರಳಲ್ಲಿ ಹಿಡಿದು ತಿರುಗಿಸಿದಷ್ಟು ಬಿಗಿ ಸಾಕೇ ಸಾಕು.

ಪಾಕೆಟ್ ಮುಗಿಸಿ ಸುತ್ತಲೂ ಅಳತೆಗೆ ಕತ್ತರಿಸುವಾಗ ಹೊರಗಿನ ಅಂಚು ಬಿದ್ದುಹೋಗುತ್ತದಲ್ಲ, ಆಗ ಹಿಡಿಯುವುದು ಯಾರು? ಜಾಬ್‌ನ ನಾಲ್ಕು ತೂತುಗಳನ್ನು ಮೊದಲೇ ಹಾಕಿಕೊಂಡಿರಿ, ಅವುಗಳ ಮೂಲಕ ಸ್ಕ್ರೂ ಇಳಿಸಿ. ಒಂದು ಎಚ್ಚರ: ಒಳಗಿನ ನಾಲ್ಕು ಬಿಗಿಯಾದ ಮೇಲೆಯೇ ಹೊರಗಿನದಕ್ಕೆ ಕೈ ಹಾಕಿ, ಇಲ್ಲದಿದ್ದರೆ ಜಾಬ್ ಸರಿದು ಅಳತೆಯ ಸೊನ್ನೆ ಬಿಂದು ತಪ್ಪಿಹೋಗುತ್ತದೆ. ತೂತೇ ಇಲ್ಲದ ಜಾಬ್ ಆದರೆ ಸುತ್ತ ಕತ್ತರಿಸುವಾಗ ನಾಲ್ಕು ಕಡೆ 6 ಮಿ.ಮೀ. ಅಗಲ, 0.6 ದಪ್ಪದ ಸಣ್ಣ ಸೇತುವೆ ಬಿಡಿ. ಕೊನೆಗೆ ಗರಗಸದ ಬ್ಲೇಡ್‌ನಲ್ಲಿ ಕೊಯ್ದು ಫೈಲ್ ಮಾಡಿದರೆ ಗುರುತೂ ಉಳಿಯುವುದಿಲ್ಲ.

ಮಾಮೂಲಿ ಸ್ಟ್ರಾಪ್ ಕ್ಲಾಂಪ್ (ಮೇಲಿಂದ ಒತ್ತುವ ಪಟ್ಟಿ) ಬಳಸುವವರಿಗೆ ಎರಡೇ ಮಾತು. ಪಟ್ಟಿ ಬಿಗಿಯುವ ಸ್ಟಡ್ ಜಾಬ್‌ಗೆ ಹತ್ತಿರ ಇರಲಿ, ಹಿಂತುದಿಗೆ ಆಸರೆ ಕೊಡುವ ಸ್ಟೆಪ್ ಬ್ಲಾಕ್‌ಗಲ್ಲ. ಹಿಂದಿನ ಕಡೆ ಒಂಚೂರು ಎತ್ತರ ಇರಲಿ, ಆಗ ಮೂತಿ ಜಾಬ್ ಮೇಲೆ ಸರಿಯಾಗಿ ಕೂರುತ್ತದೆ. ಮೂತಿಯ ಕೆಳಗೆ ತಾಮ್ರದ ತಗಡು ಇಟ್ಟರೆ ಗೀರು ಬೀಳುವುದಿಲ್ಲ.

ಟೇಪ್ ಮತ್ತು ಫೆವಿಕ್ವಿಕ್

1, 2 ಮಿ.ಮೀ. ಜಾಬ್‌ಗೆ ಸ್ಕ್ರೂ ಹಾಕಲು ಜಾಗವೂ ಇರುವುದಿಲ್ಲ, ದಪ್ಪವೂ ಇರುವುದಿಲ್ಲ. ಆಗ ಅಂಟಿಸುವುದೇ ದಾರಿ. ನಗು ಬರಬಹುದು, ಆದರೆ ಚೆನ್ನಾಗಿಯೇ ನಿಲ್ಲುತ್ತದೆ.

ಕೆಳಗಿನ ಪ್ಲೇಟ್ ಮತ್ತು ಜಾಬ್ ಎರಡನ್ನೂ ಅಸಿಟೋನ್ ಹಾಕಿ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ. ಎರಡಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ, ಪಟ್ಟಿ ಪಕ್ಕ ಪಟ್ಟಿ, ಒಂದರ ಮೇಲೊಂದು ಏರಬಾರದು, ಏರಿದರೆ ಅಲ್ಲಿ ಮೆಟ್ಟಿಲಾಗುತ್ತದೆ. ಚಮಚದ ಬೆನ್ನಿನಿಂದ ಗಾಳಿ ಹೋಗುವ ಹಾಗೆ ಉಜ್ಜಿ. ಒಂದು ಕಡೆಯ ಟೇಪ್ ಮೇಲೆ ಫೆವಿಕ್ವಿಕ್‌ನ ತೆಳು ಗೆರೆಗಳನ್ನು ಎಳೆಯಿರಿ, ಗೆರೆ ನಡುವೆ ಒಂದು ಬೆರಳು ಜಾಗ. ತಕ್ಷಣ ಜಾಬ್ ಇಟ್ಟು ಒತ್ತಿ, ಮೇಲೆ ಭಾರದ ಬ್ಲಾಕ್ ಇಟ್ಟು ಹತ್ತು ನಿಮಿಷ ಬಿಡಿ. ಟೀ ಕುಡಿದು ಬನ್ನಿ.

ಕೂಲೆಂಟ್ ಹಾಕಬೇಡಿ, ಅಂಚಿನಿಂದ ಒಳಗಿಳಿದು ಟೇಪಿನ ಅಂಟು ಬಿಡಿಸುತ್ತದೆ. ಗಾಳಿ ಊದಿ, ಅಷ್ಟೇ. ಕಟ್ ಹಗುರವಾಗಿರಲಿ. ಜಾಬ್ ಬಿಸಿಯಾದರೂ ಅಂಟು ಮೆತ್ತಗಾಗುತ್ತದೆ, ಕೈ ಇಟ್ಟರೆ ಚುರುಕ್ ಅಂದರೆ ನಿಲ್ಲಿಸಿ.

ಬಿಡಿಸುವಾಗ ಅವಸರ ಮಾಡಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ಹೋಯಿತು. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದರೆ ತೆಳು ಜಾಬ್ ಅಲ್ಲೇ ಮಡಿಚಿಕೊಳ್ಳುತ್ತದೆ. ಅಂಚಿಗೆ ಅಸಿಟೋನ್ ಬಿಟ್ಟು ಕಾಯಿರಿ, ಅಥವಾ ಹಾಟ್ ಏರ್ ಗನ್‌ನಲ್ಲಿ ಮೆಲ್ಲಗೆ ಬೆಚ್ಚಗೆ ಮಾಡಿ ಪಕ್ಕಕ್ಕೆ ಜಾರಿಸಿ. ಎರಡನ್ನೂ ಒಟ್ಟಿಗೆ ಮಾತ್ರ ಮಾಡಬೇಡಿ, ಅಸಿಟೋನ್ ಬೇಗ ಬೆಂಕಿ ಹತ್ತುವ ವಸ್ತು. ಬಿಸಿಯಾದ ಫೆವಿಕ್ವಿಕ್ ಹೊಗೆ ಕಣ್ಣಿಗೆ ಉರಿ, ಕಿಟಕಿ ತೆಗೆದಿಡಿ.

ಒಂದು ಮಿತಿ ಇದೆ. ಟೇಪಿಗೆ ತನ್ನದೇ ದಪ್ಪ ಇದೆ, ಅದು ಎಲ್ಲ ಕಡೆ ಒಂದೇ ಸಮ ಅಮರುವುದಿಲ್ಲ. ದಪ್ಪದ ಟಾಲರೆನ್ಸ್ (ಬಿಟ್ಟುಕೊಡುವ ವ್ಯತ್ಯಾಸ) 0.02 ಅಂದರೆ ಟೇಪ್ ಬಿಡಿ, ಲೋಹಕ್ಕೆ ನೇರ ಫೆವಿಕ್ವಿಕ್ ಹಾಕಿ. ಕೆಳಗಿನ ಪ್ಲೇಟಿನಲ್ಲಿ ತೆಳುವಾದ ಗ್ರೂವ್‌ಗಳನ್ನು (ಸಣ್ಣ ಕಾಲುವೆ) ಕತ್ತರಿಸಿಟ್ಟಿದ್ದರೆ ಹೆಚ್ಚಾದ ಅಂಟು ಅದರೊಳಗೆ ಹೋಗಿ ಜಾಬ್ ಲೋಹಕ್ಕೆ ಲೋಹ ಕೂರುತ್ತದೆ.

ಅಂಟಿಸಿ ಹಿಡಿಯುವುದು ಹೊಸದೇನಲ್ಲ. ನಮ್ಮ ಅಕ್ಕಸಾಲಿಗರು ಬೆಳ್ಳಿ ತಗಡನ್ನು ಅರಗಿನ ಮೇಲೆ ಕೂರಿಸಿಯೇ ಕೆತ್ತುವುದು. ಹಿತ್ತಾಳೆ ನೇಮ್ ಪ್ಲೇಟಿನಂಥ ಹಗುರ ಕೆಲಸಕ್ಕೆ ಮಿಲ್ಲಿಂಗ್‌ನಲ್ಲೂ ಅರಗು ಚೆನ್ನಾಗಿ ಆಗುತ್ತದೆ. ಪ್ಲೇಟ್ ಬಿಸಿ ಮಾಡಿ, ಅರಗು ಕರಗಿಸಿ, ಜಾಬ್ ಇಟ್ಟು, ಭಾರ ಹೇರಿ ತಣ್ಣಗಾಗಲು ಬಿಡಿ. ಬಿಡಿಸಲು ಮತ್ತೆ ಬಿಸಿ. ಉಳಿದ ಕಲೆ ಬಡಗಿಗಳು ಪಾಲಿಶ್ ಕಲಸುವ ಸ್ಪಿರಿಟ್‌ಗೆ ಹೋಗುತ್ತದೆ. ಆದರೆ ಅರಗು ಪೆಡಸು, ಹೊಡೆತ ತಾಳುವುದಿಲ್ಲ, ದೊಡ್ಡ ಕಟರ್ ಟಪ್ ಅಂತ ಬಡಿದರೆ ಕಿತ್ತು ಬರುತ್ತದೆ.

ವ್ಯಾಕ್ಯೂಮ್, ಮ್ಯಾಗ್ನೆಟ್

ವ್ಯಾಕ್ಯೂಮ್ ಟೇಬಲ್ ಕೊಳ್ಳುವ ಮುಂಚೆ ಲೆಕ್ಕ ಹಾಕಿ. ಜಾಬನ್ನು ಒತ್ತುವುದು ಪಂಪ್ ಅಲ್ಲ, ಮೇಲಿನ ಗಾಳಿ. ಮಂಗಳೂರಿನಲ್ಲಿ, ಸಮುದ್ರ ಮಟ್ಟದಲ್ಲಿ, ಅದು ಚದರ ಸೆಂ.ಮೀ.ಗೆ ಸುಮಾರು 1.03 ಕೆ.ಜಿ. 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 0.92 ಮಾತ್ರ. ನಮ್ಮ 150×100 ಪ್ಲೇಟಿಗೆ ಪಂಪ್ ಪೂರ್ತಿ ಎಳೆದರೂ ಬೆಂಗಳೂರಿನಲ್ಲಿ 138 ಕೆ.ಜಿ. ಒತ್ತಡ. ಕೇಳಲು ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಕಟರ್ ತಳ್ಳುವುದು ಪಕ್ಕಕ್ಕೆ. ಪಕ್ಕಕ್ಕೆ ತಡೆಯುವುದು ಬರೀ ಘರ್ಷಣೆ, ಅದು ಒತ್ತಡದ ಐದರಲ್ಲೊಂದು ಪಾಲೂ ಸಿಕ್ಕರೆ ಪುಣ್ಯ, ಅಂದರೆ 25 ಕೆ.ಜಿ. ಆಸುಪಾಸು. ಅದಕ್ಕೇ ಎರಡು ಬದಿಗೆ ಪಿನ್ ಅಥವಾ ಸ್ಟಾಪ್ ಕೊಟ್ಟು ಕಟರ್ ಜಾಬನ್ನು ಅದರ ಕಡೆಗೇ ತಳ್ಳುವ ಹಾಗೆ ಓಡಿಸಿ. ಬೆಂಕಿಪೊಟ್ಟಣದಷ್ಟು ಸಣ್ಣ ಜಾಬ್‌ಗೆ ವ್ಯಾಕ್ಯೂಮ್ ಆಗಿಬರುವುದಿಲ್ಲ.

ಮ್ಯಾಗ್ನೆಟ್ ಚಕ್ ಕಬ್ಬಿಣ, ಸ್ಟೀಲಿಗೆ ಸರಿ. ಅಲ್ಯೂಮಿನಿಯಂ, ಹಿತ್ತಾಳೆ, 304 ಸ್ಟೇನ್‌ಲೆಸ್ ಇದಕ್ಕೆ ಅಂಟುವುದಿಲ್ಲ. ಸೊಟ್ಟ ತಗಡನ್ನು ಮ್ಯಾಗ್ನೆಟ್ ಎಳೆದು ಚಪ್ಪಟೆ ಮಾಡಿಬಿಡುತ್ತದೆ, ಬಿಟ್ಟಾಗ ಮತ್ತೆ ಸೊಟ್ಟ. ಮೊದಲು ಶಿಮ್, ಆಮೇಲೆ ಸ್ವಿಚ್. ಇಲ್ಲೂ ಸ್ಟಾಪ್ ಬೇಕೇ ಬೇಕು.

ಕಟರ್ ಎಳೆಯುವುದು ಯಾವ ಕಡೆ?

ಮಾಮೂಲಿ ಎಂಡ್ ಮಿಲ್ ಕಟರ್‌ನ ಸುರುಳಿ ಚಿಪ್ಸನ್ನು ಮೇಲಕ್ಕೆ ಎತ್ತುತ್ತದೆ, ಜೊತೆಗೆ ಜಾಬನ್ನೂ ಎತ್ತಲು ನೋಡುತ್ತದೆ. ತೆಳು ಜಾಬ್ ಅಂಚಿನಲ್ಲಿ ಕಿರ್ ಅಂತ ಸದ್ದು ಬಂದರೆ ಅದು ಏಳುತ್ತಾ ಕೂರುತ್ತಾ ಇದೆ ಅಂತ ಅರ್ಥ. ಸುರುಳಿ ಕಡಿಮೆ ಇರುವ ಅಥವಾ ನೇರ ಹಲ್ಲಿನ ಕಟರ್ ಆದರೆ ಈ ಕಾಟ ಇಲ್ಲ. ಅಲ್ಯೂಮಿನಿಯಂಗೆ ಎರಡು ಹಲ್ಲಿನ ಹೊಸ, ಚೂಪಾದ ಕಟರ್ ಹಾಕಿ. ಮೊಂಡ ಕಟರ್ ಕತ್ತರಿಸುವುದಕ್ಕಿಂತ ಒತ್ತುವುದೇ ಜಾಸ್ತಿ.

ಮುಖ ಸಮ ಮಾಡುವ ಫೇಸ್ ಮಿಲ್‌ನಲ್ಲಿ ಹಲ್ಲಿನ ಕೋನ 45 ಡಿಗ್ರಿಯದು ಕೆಳಕ್ಕೆ ಒತ್ತುತ್ತದೆ, 90 ಡಿಗ್ರಿಯದು ಹೆಚ್ಚಾಗಿ ಪಕ್ಕಕ್ಕೆ. ಕೆಳಗೆ ಪೂರ್ತಿ ಆಸರೆ ಇದ್ದರೆ 45 ಒಳ್ಳೆಯದೇ. ಪಾಕೆಟ್ ಮಾಡಿದ ಜಾಬ್ ತಿರುಗಿಸಿಟ್ಟು ಹಿಂಬದಿ ಹೊಡೆಯುವಾಗ ಕೆಳಗೆ ಟೊಳ್ಳಿರುತ್ತದಲ್ಲ, ಅಲ್ಲಿ 90 ಬಳಸಿ, ಸಾಧ್ಯವಾದರೆ ಪಾಕೆಟ್ ಆಕಾರದ ತುಂಡನ್ನೂ ಒಳಗೆ ಕೂರಿಸಿ.

10 ಮಿ.ಮೀ. ಕಾರ್ಬೈಡ್ ಕಟರ್, ನಿಮಿಷಕ್ಕೆ 150 ಮೀಟರ್ ವೇಗ ಅಂದರೆ ಸುಮಾರು 4,800 ಆರ್‌ಪಿಎಂ. ಮ್ಯಾನುಯಲ್ ಮಷಿನ್‌ನಲ್ಲಿ ಅಷ್ಟು ಬರುವುದಿಲ್ಲ, ಬಂದಷ್ಟರಲ್ಲಿ ಫೀಡ್ ಇಳಿಸಿ. ಹಳೇ ಎಚ್‌ಎಂಟಿ ಮಷಿನ್ ಆದರೆ ಬೆಡ್ ಓಡಿಸುವ ಸ್ಕ್ರೂ ಸವೆದು ಬ್ಯಾಕ್‌ಲ್ಯಾಶ್ (ಸಡಿಲ ಆಟ) ಬಂದಿರುವುದು ಸಾಮಾನ್ಯ. ಅದರಲ್ಲಿ ಕ್ಲೈಂಬ್ ಮಿಲ್ಲಿಂಗ್ (ಹಲ್ಲು ತಿರುಗುವ ಕಡೆಗೇ ಜಾಬ್ ಓಡಿಸುವುದು) ಮಾಡಿದರೆ ಕಟರ್ ಬೆಡ್ಡನ್ನೇ ತನ್ನ ಕಡೆ ಎಳೆದುಕೊಳ್ಳುತ್ತದೆ, ತೆಳು ಜಾಬ್ ಹಾರಿ ಬೀಳುತ್ತದೆ. ಎದುರು ದಿಕ್ಕಿನಲ್ಲೇ ಹೊಡೆಯಿರಿ, ಫಿನಿಶ್ ಸ್ವಲ್ಪ ಕಡಿಮೆಯಾದರೂ ಕೈ ಉಳಿಯುತ್ತದೆ.

ಎರಡೂ ಕಡೆ ಸಮ, ಮಧ್ಯೆ ಒಂದು ರಾತ್ರಿ

6ರಿಂದ 4ಕ್ಕೆ ತೆಗೆಯಬೇಕಾದ 2 ಮಿ.ಮೀ.ಯನ್ನು ಹೀಗೆ ಹಂಚಿ: ಮೊದಲ ಕಡೆ 0.7, ತಿರುಗಿಸಿ 0.7. ಎಲ್ಲ ಸಡಿಲ ಮಾಡಿ, ಜಾಬ್ ತೆಗೆದು ರಾತ್ರಿ ಹಾಗೇ ಬಿಡಿ. ಬಾಗುವುದಿದ್ದರೆ ಅಷ್ಟರಲ್ಲಿ ಬಾಗಿರುತ್ತದೆ. ಬೆಳಿಗ್ಗೆ ಮತ್ತೆ ಬೆರಳು, ಫೀಲರ್, ಶಿಮ್, ಡಯಲ್, ಎಲ್ಲ ಮೊದಲಿನಿಂದ. ಆಮೇಲೆ ಒಂದು ಕಡೆ 0.3, ತಿರುಗಿಸಿ 0.3. ಅರ್ಜೆಂಟ್ ಜಾಬ್ ಅಂತ ಯಾರಾದರೂ ತಲೆ ಮೇಲೆ ನಿಂತಿದ್ದರೆ ರಾತ್ರಿಯ ಬದಲು ಒಂದೆರಡು ಗಂಟೆಯಾದರೂ ಕೊಡಿ.

ಬಿಸಿಯ ಲೆಕ್ಕವನ್ನೂ ಮರೆಯಬೇಡಿ. 150 ಮಿ.ಮೀ. ಅಲ್ಯೂಮಿನಿಯಂ 20 ಡಿಗ್ರಿ ಬಿಸಿಯಾದರೆ ಸುಮಾರು 0.07 ಉದ್ದ ಆಗುತ್ತದೆ. ಎರಡು ತುದಿಯನ್ನೂ ಬಿಗಿ ಹಿಡಿದಿದ್ದರೆ ಅದಕ್ಕೆ ಹೋಗಲು ಜಾಗ ಇಲ್ಲ, ಮಧ್ಯಕ್ಕೆ ಉಬ್ಬುತ್ತದೆ, ಉಬ್ಬಿದ್ದನ್ನು ಕಟರ್ ಕೆರೆಯುತ್ತದೆ, ತಣ್ಣಗಾದ ಮೇಲೆ ಅಲ್ಲಿ ಹಳ್ಳ. ಕೊನೆಯ ಕಟ್‌ಗೆ ಮುಂಚೆ ಜಾಬ್ ಪೂರ್ತಿ ತಣ್ಣಗಾಗಲಿ.

ಅಳೆಯುವಾಗ ಮೈಕ್ರೋಮೀಟರ್ ನಂಬಿ ಕೂರಬೇಡಿ. ಅದು ಹೇಳುವುದು ದಪ್ಪ ಮಾತ್ರ. ಸೊಟ್ಟ ಪ್ಲೇಟೂ ಎಲ್ಲ ಕಡೆ 4.00 ಇರಬಹುದು. ಸರ್ಫೇಸ್ ಪ್ಲೇಟ್ (ಪಕ್ಕಾ ಸಮತಟ್ಟಾದ ಅಳತೆ ಹಲಗೆ) ಮೇಲೆ ಸುಮ್ನೆ ಇಟ್ಟು, ಕೈ ಒತ್ತದೆ, ಸುತ್ತಲೂ 0.05 ಫೀಲರ್ ಹೋಗುತ್ತದಾ ನೋಡಿ, ಆಮೇಲೆ ಮಗುಚಿ ಮತ್ತೆ ನೋಡಿ, ಮಧ್ಯದ ಉಬ್ಬು ಒಂದೇ ಕಡೆಯಿಂದ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ 0.08 ಬಂತು ಅನ್ನಿ. ಸ್ಕ್ರ್ಯಾಪ್ ಡಬ್ಬಕ್ಕೆ ಹಾಕುವ ಮುಂಚೆ ಕಸ್ಟಮರ್‌ಗೆ ಒಂದು ಫೋನ್ ಮಾಡಿ. ಈ ಕವರ್ ನಾಲ್ಕು ಸ್ಕ್ರೂ ಹಾಕಿ ಗಟ್ಟಿ ಬಾಡಿಗೆ ಕೂರುವಂಥದ್ದು, ಕೂತ ಮೇಲೆ ಹೇಗೂ ಚಪ್ಪಟೆಯಾಗುತ್ತದೆ. "ಸರ್, 0.05 ಬೇಕಿರೋದು ಬಿಡಿಯಾಗಿ ಇದ್ದಾಗಲಾ, ಇಲ್ಲ ಫಿಟ್ ಮಾಡಿದ ಮೇಲಾ?" ಅಂತ ಕೇಳಿ. ಫಿಟ್ ಮಾಡಿದ ಮೇಲೆ ಸಾಕು ಅಂದರೆ ಅದನ್ನು ಬಾಯಿಮಾತಿಗೆ ಬಿಡದೆ ಡ್ರಾಯಿಂಗ್‌ನಲ್ಲೇ ಬರೆಸಿಕೊಳ್ಳಿ, ಮುಂದಿನ ಬ್ಯಾಚ್‌ಗೆ ಇನ್‌ಸ್ಪೆಕ್ಷನ್‌ಗೆ ಬರುವವರು ಬೇರೆಯವರಾಗಿರಬಹುದು.